ಮೇದೋರಾಕ್ಷಸನ ಮೇಲೆ ಗುರುಸಿದ್ದಪ್ಪ ಮಾಸ್ತರರ ದಂಡಯಾತ್ರೆ

ಎಲೈ ವಾಗ್ದೇವಿಯೇ, ಕೊಬ್ಬನ್ನು ಬೆವರಿನಿಂದಲ್ಲ, ಹಿಮದಿಂದಲೇ ಗೆಲ್ಲಬಹುದೆಂದು ಮನುಜರು ನಂಬಿದ ಈ ಶೀತಯುಗದಲ್ಲಿ, ಹುಬ್ಬಳ್ಳಿಯೆಂಬ ಮಹಾನಗರದಲ್ಲಿ, ಸಂಧಿಸಮಾಸಕೋವಿದನೂ ಮಿರ್ಚಿಗಿರ್ಮಿಟ್‌ಭಂಜಕನೂ ಪ್ರಲಂಬೋದರನೂ ಆದ ಕನ್ನಡ ಮಾಸ್ತರ ಗುರುಸಿದ್ದಪ್ಪ ಹಂಚಿನಮನಿಯವರು ಸ್ವಂತ ಹೊಟ್ಟೆಯ ಮೇಲೆಯೇ ದಂಡೆತ್ತಿ ಹೋದ ಕಥೆಯನ್ನು ನನ್ನ ನಾಲಿಗೆಯಲ್ಲಿ ನಿಂತು ನುಡಿಸು. ನಡುವೆ ನನಗೆ ನಗು ಬಂದರೆ ಕ್ಷಮಿಸು.

ಯುದ್ಧಕ್ಕೆ ಕಾರಣ ಒಂದು ನೀಲಿ ಕೋಟು. ಲಗ್ನದ ದಿನ ಅದನ್ನು ತೊಟ್ಟ ಮಾಸ್ತರರನ್ನು ಕಂಡು ಹೆಂಡತಿ ನೀಲಮ್ಮ "ಚಂದ ಕಾಣ್ತೀರಿ" ಎಂದಿದ್ದರು. ಇಪ್ಪತ್ತೈದು ವರ್ಷಗಳಲ್ಲಿ ಆ ಮಾತು ಮತ್ತೆ ಬಂದಿರಲಿಲ್ಲ. ಮದುವೆಯ ಬೆಳ್ಳಿಹಬ್ಬಕ್ಕೆ ಅದೇ ಕೋಟು ತೊಟ್ಟು ಇನ್ನೊಮ್ಮೆ ಕೇಳಿಸಿಕೊಳ್ಳಬೇಕೆಂಬ ಆಸೆ, ಪಾಪ, ಆ ಮನುಷ್ಯನಿಗೆ. ಆದರೆ ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣು ಬಯಲು.

ಕನ್ನಡಿಯ ಮುಂದೆ ನಿಂತು ಮಾಸ್ತರರು ಗರ್ಜಿಸಿದರು: "ಎಲವೋ ಮೇದೋರಾಕ್ಷಸನೇ! ನನ್ನ ಅನ್ನವನ್ನೇ ಉಂಡು ನನ್ನ ಗುಂಡಿಯನ್ನೇ ಕಿತ್ತ ಕೃತಘ್ನನೇ! ಚೂರಿಯಿಲ್ಲದೆ, ರಕ್ತವಿಲ್ಲದೆ, ನಡಿಗೆಯೂ ಇಲ್ಲದೆ, ಕೇವಲ ಹಿಮಾಸ್ತ್ರದಿಂದ ನಿನ್ನನ್ನು ನಿರ್ನಾಮ ಮಾಡದಿದ್ದರೆ ನಾನು ವ್ಯಾಕರಣ ಕಲಿಸಿದವನೇ ಅಲ್ಲ!"

"ಸಂಜಿ ಮುಂದ ಎರಡು ಸುತ್ತು ಅಡ್ಡಾಡಿ ಬಂದ್ರ ಆಗೂದಿಲ್ಲೇನ್ರಿ?" ಎಂದರು ನೀಲಮ್ಮ. ವೀರರು ಇಂಥ ಮಾತಿಗೆ ಕಿವಿಗೊಡುವುದುಂಟೇ?

ಕೊಬ್ಬನ್ನು ಹೆಪ್ಪುಗಟ್ಟಿಸಿ ಕರಗಿಸುವ ಚಿಕಿತ್ಸಾಲಯವೇ ರಣರಂಗ. ಅಲ್ಲಿ ವೈದ್ಯೆ ಹೊಟ್ಟೆಯ ಮೇಲೆ ಪೆನ್ನಿನಿಂದ ಗಡಿ ಗುರುತಿಸಿ, ಜೆಲ್ ಹಾಳೆ ಹಾಸಿದರು. ಯಂತ್ರದ ಬಟ್ಟಲು ಹೊಟ್ಟೆಯ ಮಡಿಕೆಯನ್ನು ಹೀರಿ ಹಿಡಿದು ತಣ್ಣಗಾಗತೊಡಗಿತು. "ಎಳೀತೈತ್ರಿ ಮೇಡಂ!" ಎಂಬ ಸಿಂಹನಾದ ಹತ್ತು ನಿಮಿಷ ಕೇಳಿಸಿತು. ಆಮೇಲೆ ಹೊಟ್ಟೆ ಜೋಮು ಹಿಡಿಯಿತು. ಮಹಾರಥಿ ಗೊರಕೆ ಹೊಡೆದರು.

"ಮೂರು ತಿಂಗಳಾದ ಮ್ಯಾಲೆ ಒಂಚೂರು ಕರಗಿದ್ದು ಕಾಣ್ತೈತ್ರಿ ಸರ್. ಅಲ್ಲೀತನಕ ತೂಕ ಏರಬಾರದು ನೋಡ್ರಿ," ಎಂದು ವೈದ್ಯೆ ಬೀಳ್ಕೊಟ್ಟರು.

ಮನೆಯಲ್ಲಿ ತಾಯಿ ಬಸಲಿಂಗವ್ವ ಮಗನ ಹೊಟ್ಟೆ ಮುಟ್ಟಿ ಹೌಹಾರಿದರು. "ಎಪ್ಪಾ, ಹೊಟ್ಟ್ಯಾಗ ಥಂಡಿ ಹೊಕ್ಕೈತೋ!" ಥಂಡಿ ಹೊಕ್ಕ ಮೈಗೆ ಆ ಮನೆಯಲ್ಲಿ ಒಂದೇ ಮದ್ದು, ಬಾಣಂತಿಗೆ ಮಾಡುವ ಮದ್ದು. ಹೊಟ್ಟೆಗೆ ಹಳೇ ಸೀರೆ ಬಿಗಿದರು. ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ, ಕೈತುಂಬ ತುಪ್ಪ ಹಾಕಿ ಅಂಟಿನುಂಡಿ ಕಟ್ಟಿ, ಮುಂಜಾನೆ ಎರಡು ಸಂಜೆಗೆರಡು, ಮೂರು ತಿಂಗಳು ತಿನ್ನಿಸಿದರು. ತಾಯಿಗೆ ಒಲ್ಲೆ ಎನ್ನಲು ಮಾಸ್ತರರಿಗೆ ಬಾಯಿ ಬರಲಿಲ್ಲ. ಉಂಡಿಯೂ ಬಲು ರುಚಿಯಾಗಿತ್ತು.

ಬೆಳ್ಳಿಹಬ್ಬದ ದಿನ ಬಂತು. ಮಾಸ್ತರರು ಉಸಿರು ಬಿಗಿಹಿಡಿದು ಕೋಟು ತೊಟ್ಟರು. ಗುಂಡಿ ಕಾಜದೊಳಗೆ ಹೋಯಿತು! "ಹತನಾದನು ರಾಕ್ಷಸ! ಹೆಂಗ ಕಾಣ್ತೀನಿ?"

"ಮೊದಲ ಉಸುರು ಬಿಡ್ರಿ. ಆಮ್ಯಾಲೆ ಹೇಳ್ತೀನಿ," ಎಂದರು ನೀಲಮ್ಮ.

ಮಾಸ್ತರರು ಅಂಜುತ್ತಲೇ ಉಸಿರು ಬಿಟ್ಟರು. ಹೊಟ್ಟೆ ತನ್ನ ಪೂರ್ತಿ ವೈಭವದಲ್ಲಿ ಹೊರಬಂತು, ದಂಡಯಾತ್ರೆಗೆ ಮುಂಚೆ ಇದ್ದುದಕ್ಕಿಂತ ಎರಡು ಬೆರಳು ಹೆಚ್ಚೇ. ಆದರೂ ಗುಂಡಿ ಹಾರಲಿಲ್ಲ. ಮಾಸ್ತರರು ಬಗಲು ತಡವಿದರು. ಎರಡೂ ಬದಿಗೆ, ಒಂದಿಷ್ಟು ಗಾಢ ನೀಲಿಯ ಹೊಸ ಬಟ್ಟೆಯ ಪಟ್ಟಿ.

"ಹೋದ ವಾರ ಟೇಲರ್ ಮಕ್ತುಂಸಾಬರ ಕಡೆ ಕೊಟ್ಟಿದ್ನಿ," ಎಂದರು ನೀಲಮ್ಮ ಕಾಲರ್ ಸರಿಪಡಿಸುತ್ತ. "ಈಗ ಚಂದ ಕಾಣ್ತೀರಿ."

ಮಾಸ್ತರರು ಆಡಬೇಕೆಂದಿದ್ದ ವಿಜಯಭಾಷಣವನ್ನು ನುಂಗಿಕೊಂಡು ಪಂಕ್ತಿಯಲ್ಲಿ ಕೂತರು. ಗೋದಿ-ಬೆಲ್ಲದ ಸಿಹಿ ಮಾದ್ಲಿಗೆ ತುಪ್ಪ ಬಡಿಸಲು ಬಂದಾಗ ಕೈ ಅಡ್ಡ ಹಿಡಿಯಲಿಲ್ಲ.