ಮಾವನ ಮೂರು ಸ್ಟವ್ವು

ನಮ್ಮ ಸೋದರಮಾವನಿಗೆ ಹೆಂಡತಿ ಒಬ್ಬರೇ, ಸ್ಟವ್ ಮಾತ್ರ ಮೂರು! ಅಡುಗೆಮನೆಯ ಸ್ಟವ್ ಅಂದುಕೊಂಡಿರಾ? ಅಡುಗೆಮನೆ ಕಡೆ ಅವರು ತಲೆ ಹಾಕಿಯೂ ಮಲಗಿದವರಲ್ಲ. ಇವು ಬೆನ್ನಿನ ಚೀಲದಲ್ಲಿ ಹೊತ್ತು ಬೆಟ್ಟ ಹತ್ತಿಸುವ ಪುಟಾಣಿ ಸ್ಟವ್‌ಗಳು. ಒಂದು ಸೀಮೆಎಣ್ಣೆಯ ಹಿತ್ತಾಳೆ ಪಂಪ್ ಸ್ಟವ್, ಒಂದು ಸ್ಪಿರಿಟ್ಟಿನದು, ಇನ್ನೊಂದು ಡಬ್ಬಿ ಗ್ಯಾಸಿನದು. ತೊಂಬತ್ತರ ದಶಕದ ಮಾತು. ಪಿರಿಯಾಪಟ್ಟಣದಲ್ಲಿ ವಾರವೆಲ್ಲ ಹೊಗೆಸೊಪ್ಪು ತೂಗುತ್ತಿದ್ದ ಮನುಷ್ಯ, ಭಾನುವಾರ ಬಂತೆಂದರೆ ಒಂದು ಲೋಟ ಕಾಫಿ ಕಾಯಿಸಲು ಬೆಟ್ಟ ಹುಡುಕಿಕೊಂಡು ಹೊರಡುತ್ತಿದ್ದರು!

ಸ್ಪಿರಿಟ್ ತರುವುದು ಹುಣಸೂರಿನ ಪಾಲಿಶ್ ಅಂಗಡಿಯಿಂದ. ಅಂಗಡಿಯ ಸಾಬರಿಗೆ ಅನುಮಾನ. "ಕುಡಿಯೋಕಲ್ಲ ತಾನೇ ಸ್ವಾಮಿ?"

"ಕುಡಿಯೋಕೇ ಕಣ್ರೀ ಸಾಬ್ರೇ. ಕಾಫಿ!"

ಹ್ಯಾಂಡ್‌ಪೋಸ್ಟಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ಕಂಡಕ್ಟರು ಮೂಗರಳಿಸಿದ. "ಸೀಮೆಣ್ಣೆ ತಂದಿರೋರು ಯಾರ್ರೀ? ಬಸ್ಸಿಗೆ ಬೆಂಕಿ ಅಚ್ಚೀರಾ?"

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಮಾವ ಎದ್ದು ನಿಂತರು. "ಅಂಗೆಲ್ಲ ಸುಮ್ಕೆ ಅತ್ಕಳಲ್ಲ ಕಣಪ್ಪ. ಮೊದ್ಲು ಬಿಸಿ ಮಾಡ್ಬೇಕು, ಆಮೇಲೆ ಪಂಪ್ ಒಡೀಬೇಕು..." ವಿವರಣೆಯ ಉಳಿದ ಭಾಗವನ್ನು ನಾನು ರಸ್ತೆಯಲ್ಲಿ ನಡೆಯುತ್ತಾ ಕೇಳಿದೆ.

ಮೂರರಲ್ಲಿ ಯಾವುದು ಮೇಲು? ಬೆಟ್ಟದಪುರದ ಬೆಟ್ಟದ ಮೇಲೆ ಪರೀಕ್ಷೆ ಏರ್ಪಾಟಾಯಿತು. ಅತ್ತೆಯೂ ಬಂದಿದ್ದರು. ಗ್ಯಾಸು ಗಾಳಿಗೆ ಆರಿತು, ಹಚ್ಚಿದರೆ ಮತ್ತೆ ಆರಿತು. ಸ್ಪಿರಿಟ್ಟಿನ ಉರಿ ಬಿಸಿಲಲ್ಲಿ ಕಾಣುವುದೇ ಇಲ್ಲ ನೋಡಿ, ಹತ್ತಿಲ್ಲವೆಂದು ಮಾವ ಬಗ್ಗಿ ಊದಿದರು. ಅರ್ಧ ಮೀಸೆ ಹೋಯಿತು! ಪಂಪ್ ಸ್ಟವ್ವಿನ ತೂತು ಕಟ್ಟಿಕೊಂಡಿತ್ತು, ಅದನ್ನು ಬಿಡಿಸುವ ಪಿನ್ನು ಮನೆಯಲ್ಲಿತ್ತು. ಅಷ್ಟರಲ್ಲಿ ಅತ್ತೆ ಚೀಲದಿಂದ ಫ್ಲಾಸ್ಕ್ ತೆಗೆದರು.

"ಆಯ್ತಾ ನಿಮ್ ಪರೀಕ್ಸೆ? ತಕ್ಕಳಿ, ಕಾಫಿ ಕುಡೀರಿ."

ಆ ಮಳೆಗಾಲದಲ್ಲಿ ಎನ್. ಬೇಗೂರಿನಲ್ಲಿ ಅತ್ತೆಯ ತಾಯಿ ತೀರಿಕೊಂಡರು. ನಾನೂ ಜೊತೆಗೆ ಹೋಗಿದ್ದೆ. ಮಣ್ಣು ಮಾಡಿ ಬಂದದ್ದಾಯಿತು. ಸಾವಿನ ಮನೆಯಲ್ಲಿ ಅವತ್ತು ಒಲೆ ಹಚ್ಚುವಂತಿಲ್ಲ. ನೆಂಟರ ಮನೆಯಿಂದ ಅನ್ನ ಬಂತು. ಅತ್ತೆ ಮುಟ್ಟಲಿಲ್ಲ. ಗೋಡೆಗೆ ಒರಗಿ ಕೂತವರು ಅಳಲೂ ಇಲ್ಲ, ನೀರೂ ಕುಡಿಯಲಿಲ್ಲ.

ಮಾವ ಕಾಣಿಸಲಿಲ್ಲವೆಂದು ಹುಡುಕಿದರೆ, ಕೊಟ್ಟಿಗೆಯ ಹಿಂದೆ ಸ್ಪಿರಿಟ್ ಸ್ಟವ್ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದಾರೆ!

"ಪಂಪಿನದು ಬೇಗ ಕಾಯ್ತದಲ್ಲ ಮಾವ?"

"ಬ್ಯಾಡ ಕಣ್ಲಾ. ಬುರ್ರ್ ಅಂತ ಸದ್ದು ಮಾಡ್ತದೆ."

ಅತ್ತೆಯ ದೊಡ್ಡಪ್ಪ ಕೋಲೂರಿಕೊಂಡು ಬಂದರು. "ಇದೇನ್ ಅಳಿಯಂದ್ರೇ, ಇವತ್ತು ಒಲೆ ಅಚ್ಬಾರ್ದು ಅಂತ ಗೊತ್ತಿಲ್ವಾ?"

"ಒಲೆ ಎಲ್ಲದೆ ದೊಡ್ಡಪ್ಪ? ಇದು ಸ್ಟವ್ವು."

ಮುದುಕರು ಗಾಳಿ ಬರುವ ಕಡೆಗೆ ತಮ್ಮ ಕಂಬಳಿ ಅಡ್ಡ ಹಿಡಿದು ನಿಂತರು.

ಮಾವ ಲೋಟ ತಂದು ಅತ್ತೆಯ ಪಕ್ಕ ಕೂತರು. ಅತ್ತೆ ಒಂದು ಗುಟುಕು ಕುಡಿದರು.

"ಸಕ್ಕರೆ ಜಾಸ್ತಿ ಆಯ್ತು."

"ಊಂ. ಅಂದಾಜು ಸಿಗ್ನಿಲ್ಲ."

ಆಗ ಅತ್ತೆ ಮಾವನ ಭುಜಕ್ಕೆ ಹಣೆಯೊತ್ತಿ ಅಳತೊಡಗಿದರು. ಮಾವ ಕಾಫಿ ತುಳುಕದ ಹಾಗೆ ಲೋಟವನ್ನು ಹಿಡಿದುಕೊಂಡು, ಅವರ ಅಳು ಮುಗಿಯುವವರೆಗೂ ಅಲುಗದೆ ಕೂತಿದ್ದರು.