ಅಲುಗಾಡುವ ಚಪ್ಪಡಿಯೂ ಸಂಪಾದಕರಿಗೆ ಪತ್ರವೂ

ಬೆಳಗಿನಿಂದ ಮೂರನೆಯ ಸ್ಕ್ರೂ ಹಾರಿಹೋದಾಗ ಭೂತಗನ್ನಡಿಯ ತಾಳ್ಮೆಯೂ ಅದರ ಹಿಂದೆಯೇ ಹೋಯಿತು. ಅವನು ಕೈಗಡಿಯಾರ ರಿಪೇರಿ ಮಾಡುವವನು. ಒಂದು ಕಣ್ಣಿಗೆ ಸದಾ ಭೂತಗನ್ನಡಿ ಸಿಕ್ಕಿಸಿಕೊಂಡೇ ಇರುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಅದು. ಅವನ ಅಂಗಡಿಯ ಮುಂದೆ ಚರಂಡಿಗೆ ಮುಚ್ಚಿದ್ದ ಚಪ್ಪಡಿ ಆರು ತಿಂಗಳಿಂದ ಅಲುಗಾಡುತ್ತಿತ್ತು. ಯಾರು ಕಾಲಿಟ್ಟರೂ ದಡ್ ಎನ್ನುತ್ತಿತ್ತು, ಮೇಜು ನಡುಗುತ್ತಿತ್ತು, ಸಾಸಿವೆಯಷ್ಟಿದ್ದ ಸ್ಕ್ರೂ ಚಿಮುಟದಿಂದ ಚಿಮ್ಮಿ ಪರಲೋಕ ಸೇರುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ಮೇಲಿನ ಬೀದಿಯ ಗಡಿಯಾರದ ಅಂಗಡಿಗೆ ಹೋಗತೊಡಗಿದ್ದರು. ನಗರಸಭೆಗೆ ಕೊಟ್ಟ ಅರ್ಜಿಗೆ ಉತ್ತರವೇ ಇರಲಿಲ್ಲ.

"ಈ ವಾರ ಇದು ಸರಿಹೋಗ್ಲಿಲ್ಲ ಅಂದ್ರೆ ಅಂಗಡಿ ಮುಚ್ಚಿ, ನಮ್ಮಣ್ಣನ ಗೋದಾಮಲ್ಲಿ ಮೂಟೆ ಹೊರೋಕೆ ಹೋಗಿ," ಎಂದು ಹೆಂಡತಿ ಗಡುವು ಕೊಟ್ಟಿದ್ದಳು. ಆ ಭಾವನ ಕೈಕೆಳಗೆ ದುಡಿಯುವುದಕ್ಕಿಂತ ಚರಂಡಿಗೆ ಹಾರುವುದೇ ವಾಸಿ ಎಂಬುದು ಅವನ ಖಚಿತ ಅಭಿಪ್ರಾಯ.

ಕಾಗದ ಎಳೆದುಕೊಂಡು ಬರೆದ: "ಸಂಪಾದಕರೇ, ಚಪ್ಪಡಿ ಅಲುಗಾಡುತ್ತಿದೆ. ಸರಿ ಮಾಡಿಸಿ."

ಬೆಂಚಿನ ಮೇಲೆ ಪುಕ್ಕಟೆ ಪೇಪರ್ ಓದುತ್ತಿದ್ದ ನಿವೃತ್ತ ಹೆಡ್‌ಮಾಸ್ಟರರು ಕತ್ತು ಚಾಚಿದರು. "ಇದೇನಯ್ಯ, ಪತ್ರನಾ ಟೆಲಿಗ್ರಾಮಾ? ಸಂಪಾದಕರಿಗೆ ಬರೆಯೋಕೂ ಒಂದು ಕ್ರಮ ಇದೆ. ಮೊದಲು ಹೊಗಳ್ಬೇಕು, ಆಮೇಲೆ ತೆಗಳ್ಬೇಕು."

"ನಾಕು ಸಾಲು ಹೊಗಳಿದ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?" ಎಂದಳು ಎದುರಂಗಡಿಯ ಟೈಲರಮ್ಮ.

ಹೆಡ್‌ಮಾಸ್ಟರರು ಹೇಳಿದರು, ಭೂತಗನ್ನಡಿ ಬರೆದ. ನಗರಸಭೆಯ ಕಾರ್ಯದಕ್ಷತೆ, ಅಧಿಕಾರಿಗಳ ಮಾತೃಹೃದಯ, ಕನ್ನಡಿಯಂತೆ ಹೊಳೆಯುವ ಕಾಲುದಾರಿ, ಒಂದೂ ಬಿಡಲಿಲ್ಲ. ಟೈಲರಮ್ಮ ಕಸದ ಗಾಡಿಯವನನ್ನೂ ಸೇರಿಸಿದಳು. ಅವನು ಅವಳ ಸ್ವಂತ ತಮ್ಮ. ಚಪ್ಪಡಿಗೆ ಜಾಗ ಸಿಕ್ಕಿದ್ದು ಎರಡನೆಯ ಹಾಳೆಯಲ್ಲಿ. ಅಲ್ಲಿ ಮಾತ್ರ ಭೂತಗನ್ನಡಿ ಯಾರ ಮಾತೂ ಕೇಳದೆ ಆರು ತಿಂಗಳ ಹೊಟ್ಟೆಯುರಿಯನ್ನೆಲ್ಲ ಕಾರಿಕೊಂಡ.

ಮೂರು ಬೀದಿ ಓಡಿ ಸಂಜೆಪತ್ರಿಕೆಯ ಕಚೇರಿಗೆ ಹೋಗಿ ಪತ್ರ ಕೊಟ್ಟ. ಅಲ್ಲಿನ ಗುಮಾಸ್ತ ಹಾಳೆಗಳನ್ನು ಅಂಗೈಯಲ್ಲಿ ತೂಗಿ ನೋಡಿದ. "ಇವತ್ತೇ ಹಾಕ್ತೀವಿ. ಜಾಗ ಕಡಿಮೆ, ಸ್ವಲ್ಪ ಕತ್ತರಿ ಆಡಿಸ್ತೀವಿ."

"ಆಡಿಸಿ, ಧಾರಾಳವಾಗಿ ಆಡಿಸಿ!" ಎಂದ ಭೂತಗನ್ನಡಿ. ಹೊಗಳಿಕೆ ಉದುರಿದರೆ ಅವನಿಗೇನು ನಷ್ಟ?

ನಾಲ್ಕು ಗಂಟೆಗೆ ಪತ್ರಿಕೆ ಬಂತು. 'ನಗರಸಭೆಗೆ ಶಹಬ್ಬಾಸ್!' ಎಂಬ ದಪ್ಪಕ್ಷರ, ಅದರ ಕೆಳಗೆ ಮೊದಲ ಹಾಳೆ ಪೂರ್ತಿ, ಕೊನೆಗೆ ಅವನ ಹೆಸರು ಮತ್ತು ಅಂಗಡಿಯ ವಿಳಾಸ. ಗುಮಾಸ್ತನ ಕತ್ತರಿ ಬಾಲದ ಕಡೆಯಿಂದ ಆಡಿತ್ತು. ಚಪ್ಪಡಿಯ ಸುದ್ದಿಯೇ ಇರಲಿಲ್ಲ.

"ನನ್ನ ವಾಕ್ಯ ಒಂದಕ್ಷರ ಬಿಡದೆ ಬಂದಿದೆಯಯ್ಯ!" ಎನ್ನುತ್ತ ಹೆಡ್‌ಮಾಸ್ಟರರು ಕಣ್ಣೊರೆಸಿಕೊಂಡರು. ಭೂತಗನ್ನಡಿಗೂ ಅಳು ಬಂದಿತ್ತು, ಕಾರಣ ಬೇರೆ.

ಅಷ್ಟರಲ್ಲಿ ಕೈಗಾಡಿಯೊಂದು ಬಂದು ನಿಂತಿತು. ಗಾಡಿಯ ಮೇಲೆ ಹೊಸ ಚಪ್ಪಡಿ, ಕಲಸಿದ ಸಿಮೆಂಟು. ಹಿಂದೆ ನಗರಸಭೆಯ ಮೇಸ್ತ್ರಿ, ಕಂಕುಳಲ್ಲಿ ಸಂಜೆಪತ್ರಿಕೆ. ಭೂತಗನ್ನಡಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು.

ಮೇಸ್ತ್ರಿ ಅವನ ಕೈಹಿಡಿದು ಕುಲುಕಿದ. "ನಿಮ್ಮ ಅರ್ಜಿ ಬೆಳಗ್ಗೆ ಮಂಜೂರಾಗಿತ್ತು ಸ್ವಾಮಿ. ಗಾಡಿ ಅರ್ಧ ದಾರಿಗೆ ಬಂದಾಗ ಸಾಹೇಬ್ರ ಫೋನು. ಕಾಲುದಾರಿ ಕನ್ನಡಿ ಹಾಗಿದೆ ಅಂತ ನೀವೇ ಬರ್ದಿದ್ದೀರಲ್ಲ, ಅದಕ್ಕೆ ಅರ್ಜಿ ವಜಾ. ಈ ಚಪ್ಪಡಿನ ಮೇಲಿನ ಬೀದಿ ಗಡಿಯಾರದ ಅಂಗಡಿ ಮುಂದೆ ಹಾಕ್ಬೇಕಂತೆ. ದಾರೀಲಿ ನಿಮಗೊಂದು ಥ್ಯಾಂಕ್ಸ್ ಹೇಳಿ ಹೋಗೋಣ ಅಂತ ಬಂದೆ."

"ಅಯ್ಯೋ, ಅದು ಪೂರ್ತಿ ಪತ್ರ ಅಲ್ಲಪ್ಪ! ಈಗ ನಾನೇನು ಮಾಡ್ಲಿ?"

"ಪೇಪರಿಗೆ ಬರೀರಿ ಸ್ವಾಮಿ," ಎಂದ ಮೇಸ್ತ್ರಿ, ಗಾಡಿ ತಿರುಗಿಸುತ್ತ. "ನೀವು ಬರೆದ್ರೆ ನಮ್ಮ ಸಾಹೇಬ್ರು ಅವತ್ತೇ ಕ್ರಮ ತಗೋತಾರೆ. ಕಣ್ಣಾರೆ ನೋಡಿದ್ರಲ್ಲ."