ಕಾರಿನ ಥರ್ಮೋಸ್ಟಾಟ್, ಮಾವನವರ ಮುಟ್ಟಾಳೆ

ಕೆಲವರ ಮನೆಯಲ್ಲಿ ತಂಟೆಕೋರ ನಾಯಿ ಇರುತ್ತದೆ, ಕೆಲವರ ಮನೆಯಲ್ಲಿ ತಂಟೆಕೋರ ಮಗ. ನಮ್ಮ ಮನೆಯಲ್ಲಿ ಒಂದು ಹಳೆಯ ಡೀಸೆಲ್ ಕಾರು ಇದೆ. ಬೀದಿಯಲ್ಲಿ ನಗುವಂಥದ್ದು ಏನೇ ನಡೆಯಲಿ, ಅದು ಹೇಗೋ ಈ ಕಾರಿನ ಬಾನೆಟ್ಟಿನ ಸುತ್ತಲೇ ನಡೆಯುತ್ತದೆ. ನಾನು ಮೂಡುಬಿದಿರೆಯಲ್ಲಿ ಹೈಸ್ಕೂಲು ಮಾಷ್ಟ್ರು. ಶಾಲೆ ಬಿಟ್ಟರೆ ನನಗೆ ಕಾರೇ ಲೋಕ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಹೆಂಡತಿ ಹೇಳುತ್ತಾಳೆ. ಹೇಳಲಿ. ಅಂಥ ಹೆಗ್ಗಣ ಅವಳ ತವರಿನಲ್ಲಿ ಯಾರ ಹತ್ತಿರವೂ ಇಲ್ಲ.

ಮಾವನವರ ಶಪಥ

ಹೆಂಡತಿಯ ತಂದೆ ಇರುವುದು ಬೆಳ್ತಂಗಡಿಯಲ್ಲಿ. ಅವರ ಕಿರಿಯ ಮಗಳ ಮನೆ ಘಟ್ಟದ ಮೇಲೆ. ಕಾರು ಕೊಂಡ ಹೊಸತರಲ್ಲಿ ಅಲ್ಲಿಗೆಂದು ಮಾವನವರನ್ನು ಮುಂದಿನ ಸೀಟಿನಲ್ಲಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಎದೆಯುಬ್ಬಿಸಿ ಚಾರ್ಮಾಡಿ ಘಾಟಿ ಹತ್ತಿದೆ. ಅರ್ಧ ದಾರಿಯಲ್ಲಿ ಎಂಜಿನ್ ಕಾದು ಹೊಗೆಯಾಡಿತು. ನಾನು ಚಕ್ರಕ್ಕೆ ಕಲ್ಲು ಕೊಟ್ಟು ಬಾನೆಟ್ ಎತ್ತುವಷ್ಟರಲ್ಲಿ ಹಿಂದಿನಿಂದ ಬಸ್ಸು ಬಂತು. ಮಾವನವರು ಕೈ ಅಡ್ಡ ಹಿಡಿದು ಹತ್ತಿಬಿಟ್ಟರು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಳಿಯಂದ್ರೇ, ನಿಧಾನಕ್ಕೆ ಬನ್ನಿ. ಊಟಕ್ಕೆ ನಾನು ಕಾಯುವುದಿಲ್ಲ" ಎಂದರು.

ನಾವು ಮುಟ್ಟುವಾಗ ಅವರು ಊಟ ಮುಗಿಸಿ, ಒಂದು ನಿದ್ದೆಯನ್ನೂ ಮುಗಿಸಿ, ಎದ್ದು ಕಾಫಿ ಕುಡಿಯುತ್ತಿದ್ದರು. "ಇನ್ನು ಆ ಕಾರಿನಲ್ಲಿ ನಾನು ಕೂರುವುದಿಲ್ಲ" ಎಂದು ಅಲ್ಲೇ ಶಪಥ ಮಾಡಿದರು. ಅವತ್ತಿನಿಂದ ನನಗೆ ಇದ್ದದ್ದು ಒಂದೇ ಆಸೆ. ಮಾವನವರು ಮತ್ತೆ ಆ ಸೀಟಿನಲ್ಲಿ ಕೂರಬೇಕು.

ಪಕ್ಕದ ಮನೆಯ ಇಡ್ಲಿ

ಬಂಟ್ವಾಳದ ಮೆಕ್ಯಾನಿಕ್ ಒಬ್ಬರು ಆಯಿಲ್ ಕೂಲರ್ ಹಾಕಿಸಲು ಹೇಳಿದರು. ಎಂಜಿನ್ ಆಯಿಲನ್ನು ಗಾಳಿಗೊಡ್ಡಿ ತಣಿಸುವ ಸಣ್ಣ ಜಾಲರಿ ಅದು. ಕಾರಿನ ಮುಂಭಾಗದಲ್ಲಿ, ಬಂಪರಿನ ಕೆಳಗೆ ಕೂರಿಸಿದರು. ಕಾಯುವ ರೋಗ ಹೋಯಿತು, ಶೀತದ ರೋಗ ಬಂತು. ಮಳೆಗಾಲದ ಬೆಳಿಗ್ಗೆ ಆಯಿಲ್ ಬಿಸಿಯೇ ಆಗುವುದಿಲ್ಲ. ಗೇಟಿನ ಒಳಗೆ ಗುಡುಗುಡು ಎಂದು ಎಂಜಿನ್ ಓಡಿಸುತ್ತಾ ಕಾಯುವುದೇ ನನ್ನ ಕೆಲಸವಾಯಿತು.

ಈ ಗದ್ದಲಕ್ಕೆ ಪಕ್ಕದ ಮನೆಯ ಅಮ್ಮ ಒಂದು ದಿನವೂ ಬೈಯಲಿಲ್ಲ. ನಾನೇ ನಾಚಿಕೆಯಿಂದ, "ತೊಂದರೆ ಆಗ್ತದೋ ಏನೋ" ಎಂದೆ.

"ಎಂಥ ತೊಂದರೆ ಮಾಷ್ಟ್ರೇ! ನಿಮ್ಮ ಕಾರು ಸ್ಟಾರ್ಟ್ ಆಗುವಾಗ ಇಡ್ಲಿ ಇಡ್ತೇನೆ, ಹೊರಡುವಾಗ ಇಳಿಸ್ತೇನೆ. ಗಡಿಯಾರ ನೋಡದೆ ಎಷ್ಟು ಸಮಯ ಆಯ್ತು!"

ಕಾರಿನ ಟೊಪ್ಪಿ

ಕಾರಿಗೆ ಚಳಿಯಾಗುವ ಸುದ್ದಿ ಬೆಳ್ತಂಗಡಿ ಮುಟ್ಟಿತು. ಮಾವನವರು ತಮ್ಮದೇ ಒಂದು ಮುಟ್ಟಾಳೆ ಕಳಿಸಿಕೊಟ್ಟರು. ಅಡಿಕೆ ಹಾಳೆಯ ಆ ಟೊಪ್ಪಿ ತೋಟಕ್ಕೆ ಹೋಗುವಾಗ ಅವರ ತಲೆಯಿಂದ ಇಳಿಯುವುದಿಲ್ಲ. "ತಂಡಿ ತಲೆಗೆ ಹೋಗದ ಹಾಗೆ ಕಟ್ಟಿ" ಎಂದು ಫೋನಿನಲ್ಲಿ ತಮಾಷೆ ಬೇರೆ. ಸಿಟ್ಟು ಬಂತು. ಆದರೂ ಕೂಲರಿಗೆ ಕವುಚಿ ನೋಡಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು! ಆಯಿಲ್ ಬೇಗ ಬಿಸಿಯೂ ಆಯಿತು.

ಕಷ್ಟ ಏನೆಂದರೆ, ಬಿಸಿಯಾದ ಮೇಲೆ ನಿಲ್ಲಿಸಿ ಬಿಚ್ಚಬೇಕು. ಪುಂಜಾಲಕಟ್ಟೆಯಲ್ಲಿ ಹಾಗೆ ಬಗ್ಗಿ ಬಿಚ್ಚುತ್ತಿದ್ದಾಗ ರಿಕ್ಷಾದವನೊಬ್ಬ ಪಕ್ಕದಲ್ಲಿ ನಿಲ್ಲಿಸಿದ. "ಎಂಥ ಮಾಷ್ಟ್ರೇ, ಕಾರನ್ನು ತೋಟದ ಕೆಲಸಕ್ಕೆ ಕಳಿಸಿದ್ರಾ?"

ಒಲೆಯ ಮುಂದೆ

ಅವತ್ತೇ ನಿರ್ಧರಿಸಿದೆ, ಥರ್ಮೋಸ್ಟಾಟ್ ಹಾಕಿಸಲೇಬೇಕು. ಆಯಿಲ್ ತಣ್ಣಗಿದ್ದರೆ ಅದನ್ನು ಎಂಜಿನಿಗೇ ಹಿಂದಕ್ಕೆ ಕಳಿಸುತ್ತದೆ, ಬಿಸಿಯಾದರೆ ಬಾಗಿಲು ತೆರೆದು ಕೂಲರಿಗೆ ಬಿಡುತ್ತದೆ. ನಿಲ್ಲಿಸುವುದು ಬೇಡ, ಬಿಚ್ಚುವುದು ಬೇಡ. ಹಾಕುವ ಮೊದಲು ಬಿಸಿನೀರಿನಲ್ಲಿ ಮುಳುಗಿಸಿ ಪರೀಕ್ಷಿಸಿ ಎಂದು ಮೆಕ್ಯಾನಿಕ್ ಹೇಳಿದ್ದರು. ಹೆಂಡತಿಯ ಚಹಾ ಪಾತ್ರೆಯಲ್ಲಿ ನೀರಿಟ್ಟು, ಅಂಗಡಿಯಿಂದ ತಂದ ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ಕಣ್ಣು ಮಿಟುಕಿಸದೆ ನಿಂತೆ. ಬಿಸಿಯೇರಿದ ಹಾಗೆ ಒಳಗಿನ ಕಡ್ಡಿ ಮೆಲ್ಲಗೆ ಮುಂದೆ ಬಂತು. ಮಗು ಮೊದಲ ಹೆಜ್ಜೆ ಇಟ್ಟಷ್ಟು ಖುಷಿ ನನಗೆ.

ಹಿಂದೆ ನಿಂತಿದ್ದ ಹೆಂಡತಿ ಹೇಳಿದಳು: "ಮದುವೆಯಾದ ಮೇಲೆ ನೀವು ಒಲೆಯ ಮುಂದೆ ನಿಂತದ್ದು ಇದೇ ಮೊದಲು. ಅದೂ ಕಬ್ಬಿಣ ಬೇಯಿಸಲಿಕ್ಕೆ!"

ಬಂಟ್ವಾಳಕ್ಕೆ ಹೋಗಿ ಅದನ್ನು ಕೂರಿಸಿಯೂ ಆಯಿತು. ಮರುದಿನ ಕಾರು ಸ್ಟಾರ್ಟ್ ಮಾಡಿದವನೇ ಹೊರಟೆ. ಪಕ್ಕದ ಮನೆಯ ಅಮ್ಮ ಸೌಟು ಹಿಡಿದುಕೊಂಡು ಗೇಟಿಗೆ ಓಡಿ ಬಂದರು. "ಮಾಷ್ಟ್ರೇ, ಎಂಥ ಮಾಡಿದ್ರಿ? ಇಡ್ಲಿ ಇಡೀ ಹಸಿ!" ಅಷ್ಟು ಒಳ್ಳೆಯ ಸರ್ಟಿಫಿಕೇಟ್ ನನಗೆ ಯಾವ ಇಲಾಖೆಯೂ ಕೊಟ್ಟಿಲ್ಲ.

ಚಾರ್ಮಾಡಿಯಲ್ಲಿ

ಘಟ್ಟದ ಮೇಲಿನ ನಾದಿನಿಯ ಮನೆಗೆ ಹೊರಡುವ ಹಿಂದಿನ ದಿನವೇ ಬೆಳ್ತಂಗಡಿಗೆ ಹೋಗಿ ಮಾವನವರ ಮನೆಯಲ್ಲಿ ಉಳಿದೆವು. "ಒಮ್ಮೆ ಕೂತು ನೋಡಿ ಅಪ್ಪ" ಎಂದು ಹೆಂಡತಿ ಗೋಗರೆದ ಮೇಲೆ ಮಾವನವರು ಒಪ್ಪಿದರು. ಷರತ್ತು ಮಾತ್ರ ಗಟ್ಟಿ: "ಘಟ್ಟದಲ್ಲಿ ಒಮ್ಮೆ ನಿಂತರೆ ನಾನು ಬಸ್ಸಿಗೆ. ಮತ್ತೆ ಈ ಜನ್ಮದಲ್ಲಿ ಕರೆಯಬಾರದು."

ಚಾರ್ಮಾಡಿ ಊರು ದಾಟಿ ಘಟ್ಟದ ಏರು ಸಿಕ್ಕಿತು. ನಾನು ಥರ್ಮೋಸ್ಟಾಟಿನ ಮಹಿಮೆ ಹಾಡುತ್ತಲೇ ಇದ್ದೆ. ಆಯಿಲಿನ ಬಿಸಿ ತೋರಿಸುವ ಮುಳ್ಳು ಏರಿತು. ಏರಿತು. ಇನ್ನೂ ಏರಿತು! ನನ್ನ ಬಾಯಿ ಬಂದ್. ಕೊನೆಗೆ ಒಂದು ತಿರುವಿನಲ್ಲಿ ನಿಲ್ಲಿಸಲೇಬೇಕಾಯಿತು. ಅಷ್ಟರಲ್ಲಿ ಕೆಳಗಿನಿಂದ ಬಸ್ಸು ಏರಿ ಬರುವ ಸದ್ದು. ಮಾನ ಹೋಯಿತೆಂದು ಇಳಿದು ಬಂಪರಿನ ಕೆಳಗೆ ಬಗ್ಗಿ ನೋಡಿದರೆ, ಕೂಲರಿನ ಮೇಲೆ ಮುಟ್ಟಾಳೆ! ಹಗ್ಗ ಹಾಕಿ, ಗಂಟಿನ ಮೇಲೆ ಗಂಟು ಬಿಗಿದು ಕಟ್ಟಿತ್ತು. ಥರ್ಮೋಸ್ಟಾಟ್ ಪಾಪ ಬಾಗಿಲು ತೆರೆದು ಕೂತಿದೆ, ಕೂಲರಿಗೆ ಗಾಳಿಯೇ ಇಲ್ಲ.

"ಇದನ್ನು ಕಟ್ಟಿದ್ದು ಯಾರು?"

"ನಾನು" ಎಂದರು ಕಾರಿನಿಂದ ಇಳಿದು ಬಂದ ಮಾವನವರು. "ಡಿಕ್ಕಿಯಲ್ಲಿತ್ತು, ನೀವು ಸ್ನಾನಕ್ಕೆ ಹೋದಾಗ ತೆಗೆದು ಕಟ್ಟಿದೆ. ಬೆಳಿಗ್ಗೆ ಮಂಜು ಉಂಟಲ್ವಾ. ಪಾಪ, ಅದಕ್ಕೆ ಚಳಿಯಾದೀತು ಅಂತ ಕಂಡಿತು."

ನನಗೆ ಬಂದ ಸಿಟ್ಟು ಅಲ್ಲೇ ಇಳಿಯಿತು. ಇಷ್ಟು ದಿನ ಬೈದ ಕಾರಿಗೆ ಈ ಮನುಷ್ಯ ಚಳಿಯಾದೀತೆಂದು ಹೆದರಿದ್ದರು! ಮುಟ್ಟಾಳೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಿನಿಂದಲೇ, "ಬರ್ತೀರಾ ಅಜ್ಜ?" ಎಂದ. ನಾನೂ ಹೆಂಡತಿಯೂ ಮಾವನವರ ಮುಖ ನೋಡಿದೆವು.

ಮಾವನವರು ನನ್ನ ಕೈಯಿಂದ ಮುಟ್ಟಾಳೆ ತೆಗೆದು, ಧೂಳು ಕೊಡವಿ, ತಮ್ಮ ತಲೆಗೇ ಹಾಕಿಕೊಂಡರು. "ನೀವು ಹೋಗಿ ಮಾರಾಯ್ರೆ. ನಮ್ಮ ಕಾರಿಗೆ ಎಂಥದೂ ಆಗ್ಲಿಲ್ಲ" ಎಂದು ಮುಂದಿನ ಸೀಟಿನಲ್ಲಿ ಕೂತರು.

ನಮ್ಮ ಕಾರು! ನಾನು ಹೆಮ್ಮೆಯಿಂದ ಕಾರು ಹೊರಡಿಸಿದೆ. ಮುಳ್ಳು ಇಳಿದು ನಡುವಿನಲ್ಲಿ ನಿಂತಿತು. ಕಾರು ಎಲ್ಲೂ ನಿಲ್ಲದೆ ಘಟ್ಟದ ತುದಿ ಮುಟ್ಟಿತು. ಹುಮ್ಮಸ್ಸು ತಡೆಯಲಾರದೆ ನಾನು ಪಾಠ ಮತ್ತೆ ಶುರು ಮಾಡಿದೆ: "ನೋಡಿ ಮಾವ, ಈ ಥರ್ಮೋಸ್ಟಾಟ್ ಅಂದರೆ..."

ಮಾವನವರು ಸೆಕೆಯೆಂದು ಮುಟ್ಟಾಳೆ ತೆಗೆದು ಮಡಿಲಲ್ಲಿಟ್ಟುಕೊಂಡರು. ಕಿಟಕಿಯಿಂದ ತಣ್ಣನೆ ಗಾಳಿ ನುಗ್ಗಿದ್ದೇ ಮತ್ತೆ ತಲೆಗೇರಿಸಿದರು. "ಪಾಠ ಸಾಕು ಅಳಿಯಂದ್ರೇ. ಸೆಕೆಯಾದ್ರೆ ತೆಗೆಯುವುದು, ಚಳಿಯಾದ್ರೆ ಹಾಕುವುದು, ಅಷ್ಟೇ ಅಲ್ವಾ? ನನಗೆ ಅದು ಹುಟ್ಟುವಾಗಲೇ ಉಂಟು. ಅಂಗಡಿಯಿಂದ ತಂದು ಹಾಕಿಸಬೇಕಾದದ್ದು ನಿಮ್ಮ ಕಾರಿಗೆ ಮಾತ್ರ."